ಬೀಸಿದರೂ ಚೆಂಡು ಸಿಗುತ್ತಿಲ್ಲ: ಎಳೆಯ ಬೇಸ್‌ಬಾಲ್ ಬ್ಯಾಟರ್‌ಗಳ ದೋಷ ನಿವಾರಣೆ ಕೈಪಿಡಿ

ಮಗು ಎರಡು ಸಲ ಗಾಳಿಗೆ ಬ್ಯಾಟು ಬೀಸಿದರೆ ಸಾಕು, ಸುತ್ತ ನಿಂತ ದೊಡ್ಡವರೆಲ್ಲ ಶುರುಮಾಡುತ್ತಾರೆ. "ಮೊಣಕೈ ಎತ್ತು", "ಚೆಂಡು ನೋಡೋ", "ಇನ್ನೂ ಜೋರಾಗಿ ಬೀಸು", "ಕಾಲು ಅಲ್ಲಾಡಿಸ್ಬೇಡ". ಇದರಲ್ಲಿ ಯಾವುದೂ ದೋಷ ಹುಡುಕಿ ಹೇಳಿದ ಮಾತಲ್ಲ, ಬರೀ ಊಹೆ. ನಾಲ್ಕೂ ಸಲಹೆಯನ್ನು ಒಟ್ಟಿಗೆ ಪಾಲಿಸಲು ಹೊರಟ ಮಗು ಮೂರನೇ ಸಲ ಇನ್ನಷ್ಟು ಕೆಟ್ಟದಾಗಿ ಬೀಸುತ್ತದೆ.

ಕೈಯಲ್ಲಿ ಕಾಣುವ ತಪ್ಪು ಹೆಚ್ಚಿನ ಸಲ ಕೈಯಲ್ಲಿ ಹುಟ್ಟಿರುವುದಿಲ್ಲ. ಬ್ಯಾಟಿನ ತೂಕದಲ್ಲಿ, ಕಾಲಿನಲ್ಲಿ, ತಡವಾಗಿ ಶುರುಮಾಡಿದ್ದರಲ್ಲಿ, ಇಲ್ಲವೇ ಹೆದರಿಕೆಯಲ್ಲಿ ಹುಟ್ಟಿರುತ್ತದೆ. ಆದ್ದರಿಂದ ತಿದ್ದುವ ಮೊದಲು ತಪ್ಪು ಎಲ್ಲಿದೆ ಎಂದು ಬೇರ್ಪಡಿಸಿ ನೋಡಬೇಕು. ಇಲ್ಲಿರುವುದು ಸುಮಾರು 7ರಿಂದ 13 ವಯಸ್ಸಿನ ಮಕ್ಕಳಿಗೆ ಹೊಂದುವ ವಿಧಾನ. ಎಡ, ಬಲ ಎಂದಲ್ಲೆಲ್ಲ ಬಲಗೈ ಬ್ಯಾಟರ್ ಎಂದು ತಿಳಿಯಿರಿ, ಎಡಗೈಯವರಿಗೆ ತಿರುಗಿಸಿಕೊಳ್ಳಿ.

ಮೊದಲ ಪರೀಕ್ಷೆ: ಎಲ್ಲಿ ಕೆಡುತ್ತಿದೆ?

ನಾಲ್ಕು ಹಂತಗಳಲ್ಲಿ ಹೊಡೆಸಿ. ಮೊದಲು ಟೀ, ಅಂದರೆ ಚೆಂಡನ್ನು ಎತ್ತರದಲ್ಲಿ ಕೂರಿಸುವ ಕಂಬದ ಮೇಲೆ ನಿಂತ ಚೆಂಡು. ಆಮೇಲೆ ಪಕ್ಕದಿಂದ ಮೆಲ್ಲಗೆ ಎಸೆಯುವ ಸಾಫ್ಟ್ ಟಾಸ್. ಮೂರನೆಯದು ರಕ್ಷಣಾ ಬಲೆಯ ಹಿಂದೆ ಕೂತು ಎದುರಿನಿಂದ ಎಸೆಯುವ ಚೆಂಡು. ಕೊನೆಯದು ನಿಜವಾದ ಪಿಚ್ಚರ್, ಅಂದರೆ ಪಂದ್ಯದಲ್ಲಿ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ. ಪ್ರತಿ ಹಂತದಲ್ಲಿ ಎಂಟು ಹತ್ತು ಚೆಂಡು ಸಾಕು. ಈ ಹೊತ್ತಿನಲ್ಲಿ ಏನನ್ನೂ ತಿದ್ದಬೇಡಿ, ಸುಮ್ಮನೆ ನೋಡಿ.

ಟೀ ಮೇಲೆಯೇ ಹೊಡೆತ ಕೆಟ್ಟರೆ ತೊಂದರೆ ಇರುವುದು ಸ್ವಿಂಗಿನಲ್ಲಿ, ಅಂದರೆ ಬ್ಯಾಟ್ ಬೀಸುವ ರೀತಿಯಲ್ಲಿ, ಅಥವಾ ಬ್ಯಾಟಿನಲ್ಲಿ. ಟೀ ಮೇಲೆ ಚೆನ್ನಾಗಿದ್ದು ಎದುರಿನಿಂದ ಬರುವ ಚೆಂಡಿಗೆ ಕೆಟ್ಟರೆ ಅದು ಸಮಯದ ಅಥವಾ ಕಣ್ಣಿನ ತೊಂದರೆ. ಮೂರೂ ಹಂತ ಸರಿಯಿದ್ದು ಪಿಚ್ಚರ್ ಎದುರು ಮಾತ್ರ ಕೆಟ್ಟರೆ ಮಗು ಹೆದರುತ್ತಿದೆ, ಅಥವಾ ಯಾವ ಚೆಂಡಿಗೆ ಬೀಸಬೇಕೆಂದು ಗೊತ್ತಾಗುತ್ತಿಲ್ಲ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಸಮಯ ತಪ್ಪುವ ಮಗುವನ್ನು ವಾರಗಟ್ಟಲೆ ಟೀ ಎದುರು ನಿಲ್ಲಿಸಿ ಮೊಣಕೈ ತಿದ್ದುವ ತರಬೇತುದಾರರಿದ್ದಾರೆ. ಇಲ್ಲದ ರೋಗಕ್ಕೆ ಮದ್ದು ಅದು.

ಟೀ ಎಲ್ಲಿಟ್ಟಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ಟೀಯ ಬುಡ ಹೋಮ್ ಪ್ಲೇಟಿನ (ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಹಲಗೆ) ಆಕಾರದಲ್ಲೇ ಇರುವುದರಿಂದ ಮಗು ನೇರವಾಗಿ ಅದರ ಪಕ್ಕದಲ್ಲಿ ನಿಂತುಬಿಡುತ್ತದೆ, ಚೆಂಡು ಹೊಟ್ಟೆಯ ನೇರಕ್ಕೆ ಬರುತ್ತದೆ. ಅಲ್ಲಿ ಚೆಂಡು ಹೊಡೆದರೆ ಅದು ಆಗಲೇ ತಡವಾದ ಹೊಡೆತ. ಪ್ಲೇಟಿನ ನಡುವೆ ಬರುವ ಚೆಂಡನ್ನು ಹೊಡೆಯಬೇಕಾದ ಜಾಗ ಮುಂದಿನ ಕಾಲಿನ ನೇರಕ್ಕೆ ಅಥವಾ ಅದಕ್ಕಿಂತ ತುಸು ಮುಂದೆ. ಮಗುವನ್ನು ಮೊದಲು ನಿಲ್ಲಿಸಿ, ಒಂದು ಹೆಜ್ಜೆ ಮುಂದಿಡಿಸಿ, ಆ ಪಾದದ ನೇರಕ್ಕೆ ಟೀ ಎಳೆದುಕೊಳ್ಳಿ. ಇಷ್ಟಕ್ಕೇ ಹೊಡೆತ ಸರಿಹೋಗುವ ಮಕ್ಕಳೂ ಇದ್ದಾರೆ, ಅವರಲ್ಲಿ ದೋಷವೇ ಇರಲಿಲ್ಲ.

ಸ್ವಿಂಗ್ ನೋಡುವ ಮುಂಚೆ ಬ್ಯಾಟ್ ನೋಡಿ

ನಾನು ಮಗುವಿನ ಮೊಣಕೈ ನೋಡುವ ಮುಂಚೆ ಬ್ಯಾಟ್ ಕೈಗೆ ತೆಗೆದುಕೊಂಡು ನೋಡುತ್ತೇನೆ. "ಮುಂದಿನ ವರ್ಷಕ್ಕೂ ಆಗುತ್ತೆ" ಎಂದು ಒಂದು ಅಳತೆ ದೊಡ್ಡದು ಕೊಂಡಿರುತ್ತಾರೆ. ಅಂಗಿಗೆ ಆ ಲೆಕ್ಕ ನಡೆದೀತು, ಬ್ಯಾಟಿಗೆ ನಡೆಯುವುದಿಲ್ಲ.

ಪರೀಕ್ಷೆ ಸರಳ. ಹಿಡಿಕೆಯ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು, ತೋಳು ಪಕ್ಕಕ್ಕೆ ನೇರ ಚಾಚಿ ನಿಲ್ಲಲು ಹೇಳಿ. ಇಪ್ಪತ್ತು ಸೆಕೆಂಡಿನೊಳಗೆ ತೋಳು ನಡುಗಿದರೆ ಅಥವಾ ಬ್ಯಾಟಿನ ತುದಿ ಕೆಳಗಿಳಿದರೆ ಬ್ಯಾಟ್ ಭಾರವಾಯಿತು. ಬ್ಯಾಟಿನ ಮೇಲೆ ಉದ್ದ ಇಂಚಿನಲ್ಲಿ, ತೂಕ ಔನ್ಸಿನಲ್ಲಿ ಬರೆದಿರುತ್ತದೆ. ಈ ಎರಡರ ನಡುವಿನ ಅಂತರಕ್ಕೆ ಡ್ರಾಪ್ ಎನ್ನುತ್ತಾರೆ. 28 ಇಂಚಿನ ಬ್ಯಾಟ್ 18 ಔನ್ಸ್ ಇದ್ದರೆ ಡ್ರಾಪ್ 10. ಚಿಕ್ಕ ಮಕ್ಕಳಿಗೆ 10 ಅಥವಾ ಅದಕ್ಕಿಂತ ಹೆಚ್ಚಿನ ಡ್ರಾಪ್, ಅಂದರೆ ಉದ್ದಕ್ಕೆ ಹೋಲಿಸಿದರೆ ಹಗುರವಾದ ಬ್ಯಾಟ್, ಒಳ್ಳೆಯದು. ಬೇರೆ ಬ್ಯಾಟ್ ಸಿಗದಿದ್ದರೆ ಹಿಡಿತವನ್ನು ಎರಡು ಇಂಚು ಮೇಲೆ ಸರಿಸಿ ಹಿಡಿಯಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ವೃತ್ತಿಪರರೂ ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಅಥವಾ ಬೀಸಬೇಕಾದ ಚೆಂಡನ್ನು ಬಿಟ್ಟ ಲೆಕ್ಕ, ಮೂರಾದರೆ ಔಟ್) ಆದ ಮೇಲೆ ಹಾಗೆ ಹಿಡಿಯುವುದುಂಟು.

ಹಿಡಿತವನ್ನೂ ಇಲ್ಲೇ ನೋಡಿಬಿಡಿ. ಬಲಗೈ ಮೇಲೆ, ಎಡಗೈ ಕೆಳಗೆ. ಕೈ ಅದಲುಬದಲಾದ ಅಡ್ಡಗೈ ಹಿಡಿತದಲ್ಲಿ ಬೀಸುವ ಮಕ್ಕಳು ನೀವಂದುಕೊಂಡಿದ್ದಕ್ಕಿಂತ ಹೆಚ್ಚು, ಅವರ ಮಣಿಕಟ್ಟಿಗೂ ಅದು ಒಳ್ಳೆಯದಲ್ಲ. ಬ್ಯಾಟ್ ಅಂಗೈಯ ಆಳದಲ್ಲಿ ಕೂರದೆ ಬೆರಳುಗಳ ಬುಡದಲ್ಲಿರಲಿ. ಬಾಗಿಲು ತಟ್ಟುವಾಗ ಬಳಸುವ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದರೆ ಸರಿ. ಹಿಡಿ ಬಿಳಿಚಿಕೊಳ್ಳುವಷ್ಟು ಬಿಗಿ ಬೇಡ.

ನಿಲ್ಲುವ ದೂರಕ್ಕೂ ಒಂದು ಅಳತೆಯಿದೆ. ಹೋಮ್ ಪ್ಲೇಟಿನ ಅಗಲ 17 ಇಂಚು. ನಿಂತಲ್ಲಿಂದ ಸೊಂಟ ಸ್ವಲ್ಪ ಬಗ್ಗಿಸಿ ಬ್ಯಾಟಿನ ತುದಿಯಿಂದ ಪ್ಲೇಟಿನ ಆಚೆ ಅಂಚು ಮುಟ್ಟಲು ಆಗಬೇಕು. ಆಗದಿದ್ದರೆ ಹೊರಬದಿಯ ಚೆಂಡು ಎಂದೂ ಸಿಗುವುದಿಲ್ಲ, ಸ್ವಿಂಗ್ ಎಷ್ಟೇ ಚೆಂದವಿರಲಿ.

ಚೆಂಡು ಹೋದ ದಿಕ್ಕು ಏನು ಹೇಳುತ್ತದೆ

ಫೌಲ್ ಹೋದ, ಅಂದರೆ ಆಟದ ಗೆರೆಗಳ ಆಚೆ ಹೋದ ಚೆಂಡುಗಳನ್ನು ಹಾಳು ಎಂದು ಬಿಡಬೇಡಿ, ತಪ್ಪು ಹುಡುಕಲು ಅವಕ್ಕಿಂತ ಒಳ್ಳೆಯ ಸುಳಿವಿಲ್ಲ. ಮತ್ತೆಮತ್ತೆ ಬಲಬದಿಗೆ, ಮೊದಲ ಬೇಸಿನ ಆಚೆಗೆ ಫೌಲ್ ಹೋಗುತ್ತಿದ್ದರೆ ಮಗು ತಡ. ಎಡಕ್ಕೆ, ಮೂರನೇ ಬೇಸಿನ ಆಚೆಗೆ ಹೋಗುತ್ತಿದ್ದರೆ ಅವಸರ. ಸೀದಾ ಹಿಂದಿನ ಬಲೆಗೆ ಬಡಿಯುವ ಫೌಲ್ ಬಂದರೆ ಖುಷಿಪಡಿ: ಸಮಯ ಸರಿಯಾಗಿದೆ, ಬ್ಯಾಟ್ ಒಂದು ಕೂದಲೆಳೆಯಷ್ಟು ಕೆಳಗೆ ಹೋಗಿದೆ, ಅಷ್ಟೆ. ಅಂಥ ಫೌಲ್ ಆದಮೇಲೆ ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಯಾವಾಗಲೂ ತಡ

ಮಕ್ಕಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ದೋಷ ಇದು, ತಪ್ಪು ಚಿಕಿತ್ಸೆ ಅತಿ ಹೆಚ್ಚು ಆಗುವುದೂ ಇದಕ್ಕೇ. "ಬೇಗ ಬೀಸು" ಎಂದರೆ ಮಗು ಬೇಗ ಶುರುಮಾಡುವುದಿಲ್ಲ, ಮೈ ಬಿಗಿಹಿಡಿದು ಬೀಸುತ್ತದೆ. ಬಿಗಿಹಿಡಿದ ಮೈ ಇನ್ನೂ ನಿಧಾನ.

ಲೆಕ್ಕ ನೋಡಿ. ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ಮೈದಾನದಲ್ಲಿ ಪಿಚ್ಚರ್ ನಿಲ್ಲುವ ಹಲಗೆಯಿಂದ ಹೋಮ್ ಪ್ಲೇಟಿಗೆ 46 ಅಡಿ, ದೊಡ್ಡವರ ಮೈದಾನದಲ್ಲಿ 60 ಅಡಿ 6 ಇಂಚು. ಗಂಟೆಗೆ 80 ಕಿಲೋಮೀಟರ್ ವೇಗದ ಚೆಂಡು 46 ಅಡಿ ದಾಟಲು 0.6 ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಬ್ಯಾಟ್ ಬೀಸಲಿಕ್ಕೇ ಸುಮಾರು 0.2 ಸೆಕೆಂಡು ಬೇಕು. ಉಳಿದದ್ದರಲ್ಲಿ ಚೆಂಡು ನೋಡಬೇಕು, ಬೀಸಲೋ ಬಿಡಲೋ ಎಂದು ತೀರ್ಮಾನಿಸಬೇಕು. ಇದರ ನಡುವೆ ಹೆಜ್ಜೆ ಎತ್ತಿಡುವ ಕೆಲಸವೂ ಸೇರಿಕೊಂಡರೆ ಸಮಯ ಎಲ್ಲಿಂದ ಬರಬೇಕು?

ಹಾಗಾಗಿ ಬೇಗ ಆಗಬೇಕಾದದ್ದು ಸಿದ್ಧತೆ. ಪಿಚ್ಚರ್ ಕಾಲೆತ್ತಿ ಹಿಂದೆ ವಾಲುವಾಗಲೇ ಬ್ಯಾಟರ್ ಕೂಡ ಭಾರವನ್ನು ಹಿಂದಿನ ಕಾಲಿಗೆ ತಂದು, ಕೈಗಳನ್ನು ಹಿಂದಿನ ಭುಜದ ಹತ್ತಿರಕ್ಕೆ ಒಯ್ದಿರಬೇಕು. ಚೆಂಡು ಕೈಬಿಡುವ ಹೊತ್ತಿಗೆ ಹೆಜ್ಜೆ ಹೊರಟಿರಬೇಕು, ಅದು ಅರ್ಧ ದಾರಿ ಬರುವಷ್ಟರಲ್ಲಿ ಪಾದ ನೆಲದ ಮೇಲಿರಬೇಕು. ಹೆಜ್ಜೆ ಒಂದು ಗೇಣಿಗಿಂತ ಕಡಿಮೆ ಸಾಕು, ಇಡುವುದು ಮೆತ್ತಗೆ. ಪಾದ ಇಟ್ಟ ಮೇಲೂ ತಲೆ ಎರಡು ಕಾಲುಗಳ ನಡುವೆಯೇ ಇದ್ದರೆ ಸರಿ, ಮುಂದಿನ ಮೊಣಕಾಲಿನ ಮೇಲೆ ಬಂದಿದ್ದರೆ ಮೈ ಮುಂದಕ್ಕೆ ಬಿದ್ದಿದೆ ಎಂದರ್ಥ.

ಖಚಿತಮಾಡಿಕೊಳ್ಳಲು ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ. ಪಿಚ್ಚರ್ ಮತ್ತು ಬ್ಯಾಟರ್ ಇಬ್ಬರೂ ಚೌಕಟ್ಟಿನಲ್ಲಿರಲಿ. ಚೆಂಡು ಕೈಯಿಂದ ಹೊರಬಿದ್ದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ಮಗುವಿನ ಮುಂದಿನ ಪಾದವನ್ನು ಮಾತ್ರ ನೋಡಿ. ಅದು ಇನ್ನೂ ಅಲ್ಲಾಡಿಯೇ ಇಲ್ಲ, ಕೈ ಬ್ಯಾಟ್ ಹಿಡಿದು ತಟಸ್ಥವಾಗಿ ನಿಂತಿದೆ ಎಂದಾದರೆ ನಿಮ್ಮ ಉತ್ತರ ಸಿಕ್ಕಿತು. ಮುಂದಿನ ಎರಡು ಮೂರು ಅಭ್ಯಾಸಗಳಲ್ಲಿ ಮಗು ಬೀಸುವುದೇ ಬೇಡ. ಪಿಚ್ಚರ್ ಎಸೆಯಲಿ, ಮಗು ಪಾದ ಊರಿದ ಕ್ಷಣಕ್ಕೆ "ಈಗ" ಎಂದು ಕೂಗಲಿ, ಚೆಂಡು ಹಾದುಹೋಗಲಿ. ಆ "ಈಗ" ಚೆಂಡು ದೂರದಲ್ಲಿರುವಾಗಲೇ ಕೇಳಿಸತೊಡಗಿದ ಮೇಲೆ ಬ್ಯಾಟ್ ಬೀಸಲು ಬಿಡಿ.

ಕಾಲನ್ನು ಎತ್ತರಕ್ಕೆ ಎತ್ತುವ ದೊಡ್ಡ ಆಟಗಾರರನ್ನು ನೋಡಿ ನಕಲು ಮಾಡುವ ಮಕ್ಕಳಲ್ಲೂ ಇದೇ ದೋಷ ಕಾಣುತ್ತದೆ. ಜಪಾನಿನ ಸದಾಹರು ಓ ಒಂಟಿಕಾಲಿನಲ್ಲಿ ನಿಂತು ಹೊಡೆಯುವುದಕ್ಕೆ ಹೆಸರಾದವರು, ವೃತ್ತಿಜೀವನದಲ್ಲಿ 868 ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವ ರನ್) ಹೊಡೆದವರು. ಅವರಿಗೆ ಆ ಭಂಗಿ ಹುಟ್ಟಿನಿಂದ ಬಂದದ್ದಲ್ಲ. 1962ರಲ್ಲಿ ಸಮಯ ತಪ್ಪುವ ದೋಷಕ್ಕೆ ಪರಿಹಾರವಾಗಿ ತಮ್ಮ ತರಬೇತುದಾರರ ಜೊತೆ ರೂಢಿಸಿಕೊಂಡದ್ದು, ಆ ವರ್ಷವೇ 38 ಹೋಮ್ ರನ್ ಬಂದವು. ಅಂಥ ಸಮತೋಲಕ್ಕೆ ಅಗಾಧ ಸಾಧನೆ ಬೇಕು. ಒಂಬತ್ತು ವರ್ಷದ ಮಗುವಿಗೆ ಅದು ಪರಿಹಾರವಲ್ಲ, ಹೊಸ ದೋಷ. ಹಿಮ್ಮಡಿ ಎತ್ತಿ ಇಡುವಷ್ಟು ಚಲನೆ ಸಾಕು.

ಅವಸರದ ಮಗುವಿಗೆ ಇದರ ಉಲ್ಟಾ. ನಿಧಾನದ ಚೆಂಡಿಗೆ ಮೊದಲೇ ಬೀಸಿಬಿಡುವುದು ಸಾಮಾನ್ಯವಾಗಿ ಹೆಜ್ಜೆ ಮತ್ತು ಕೈ ಒಟ್ಟಿಗೆ ಹೊರಡುವುದರಿಂದ. ಹೆಜ್ಜೆ ಹೋದರೂ ಕೈ ಹಿಂದೆಯೇ ಉಳಿಯುವುದನ್ನು ಕಲಿಸಿ: ಪಾದ ಇಟ್ಟು, ಎರಡು ಎಣಿಸಿ, ಆಮೇಲೆ ಟೀ ಮೇಲಿನ ಚೆಂಡು ಹೊಡೆಯುವುದು.

ಮುಂದಿನ ಕಾಲು ಪ್ಲೇಟಿನಿಂದ ದೂರ ಸರಿಯುತ್ತಿದೆ

ಪಿಚ್ಚರ್ ಕಡೆಗೆ ಹೋಗಬೇಕಾದ ಹೆಜ್ಜೆ ಮೂರನೇ ಬೇಸಿನ ಕಡೆಗೆ ಹೋಗುತ್ತದೆ, ಅದರ ಜೊತೆ ಸೊಂಟ, ಭುಜ, ತಲೆ ಎಲ್ಲ ತೆರೆದುಕೊಳ್ಳುತ್ತವೆ. ಹೊರಬದಿಯ ಚೆಂಡು ಬ್ಯಾಟಿನ ತುದಿಗೂ ಸಿಗುವುದಿಲ್ಲ. ಮಣ್ಣಿನಲ್ಲಿ ಪಿಚ್ಚರ್ ಕಡೆಗೆ ಒಂದು ಗೆರೆ ಎಳೆದು ಹೆಜ್ಜೆಗುರುತು ಎಲ್ಲಿ ಬಿದ್ದಿದೆ ನೋಡಿ.

ಟೀ ಎದುರು ಇದೇ ಮಗು ನೇರ ಹೆಜ್ಜೆ ಇಟ್ಟರೆ ಕಾರಣ ಹೆದರಿಕೆ. ಬೇಸ್‌ಬಾಲ್ 5 ಔನ್ಸಿಗೆ ಕಡಿಮೆಯಿಲ್ಲದ ಗಟ್ಟಿ ಚೆಂಡು, ಹೆದರುವುದು ಬುದ್ಧಿವಂತಿಕೆಯೇ. "ಹೆದರಬೇಡ" ಎಂದರೆ ಹೋಗುವಂಥದ್ದಲ್ಲ. ಹಿಮ್ಮಡಿಯ ಹಿಂದೆ ಕಟ್ಟಿಗೆ, ಇಟ್ಟಿಗೆ ಇಟ್ಟು ಕಾಲು ತಡೆಯುವವರಿದ್ದಾರೆ, ಎಡವಿ ಬಿದ್ದರೆ ಹೆದರಿಕೆ ಎರಡಾಗುತ್ತದೆ.

ಕಲಿಸಬೇಕಾದದ್ದು ತಪ್ಪಿಸಿಕೊಳ್ಳುವುದನ್ನು. ಚೆಂಡು ಮೈಮೇಲೆ ಬಂದರೆ ಎದೆ ತೆರೆದು ಹಿಂದೆ ಹಾರುವ ಬದಲು, ಮುಂದಿನ ಭುಜವನ್ನು ಒಳಕ್ಕೆ, ಹಿಂದೆ ಚೆಂಡು ಹಿಡಿಯಲು ಕೂತ ಕ್ಯಾಚರ್ ಕಡೆಗೆ ತಿರುಗಿಸಿ, ಗದ್ದವನ್ನು ಎದೆಗೆ ಒತ್ತಿ, ಬೆನ್ನು ಕೊಡಬೇಕು, ಬ್ಯಾಟನ್ನು ಕೆಳಗಿಳಿಸಿ ಮೈಗೆ ಹತ್ತಿರ ತಂದುಕೊಳ್ಳಬೇಕು. ಹೆಲ್ಮೆಟ್ ಹಾಕಿಸಿ, ಟೆನಿಸ್ ಚೆಂಡನ್ನು ಬೇಕೆಂದೇ ಮೈಮೇಲೆ ಮೆಲ್ಲಗೆ ಎಸೆಯುತ್ತ ಇದನ್ನೊಂದು ಆಟವಾಗಿಸಿ. ನಡುನಡುವೆ ಹೊಡೆಯುವ ಚೆಂಡೂ ಬರಲಿ. ತಿರುಗಿಕೊಳ್ಳುವುದು ಮೈಗೆ ಬಂದ ಮಗುವಿನ ಕಾಲು ತಾನಾಗಿ ನೇರವಾಗುತ್ತ ಬರುತ್ತದೆ. ಆಮೇಲೆ ಮೆತ್ತನೆಯ ತರಬೇತಿ ಚೆಂಡು, ಕೊನೆಗೆ ಗಟ್ಟಿ ಚೆಂಡು. ಒಂದು ಹಂತ ಜಿಗಿದರೂ ಮೊದಲಿನ ಜಾಗಕ್ಕೇ ಬರುತ್ತೀರಿ.

ಮೇಲಕ್ಕೆ ಹಾರುವ ಚೆಂಡು, ನೆಲಕ್ಕೆ ಉರುಳುವ ಚೆಂಡು

ಮಗು ಪಾಪ್ ಅಪ್, ಅಂದರೆ ನೆಟ್ಟಗೆ ಮೇಲಕ್ಕೆ ಹಾರಿ ಸುಲಭ ಕ್ಯಾಚ್ ಆಗುವ ಚೆಂಡು, ಹೊಡೆಯುತ್ತಿದ್ದರೆ "ಕೆಳಮುಖವಾಗಿ ಬೀಸು" ಎನ್ನುವುದು ಹಳೆಯ ವಾಡಿಕೆ. ಇದು ತಪ್ಪು ಸಲಹೆ ಎಂದೇ ನನ್ನ ಅಭಿಪ್ರಾಯ, ಚಿಕ್ಕ ಮಕ್ಕಳ ಮಟ್ಟಿಗಂತೂ ಇನ್ನೂ ತಪ್ಪು. ಗಾಳಿಯಲ್ಲಿ 0.6 ಸೆಕೆಂಡು ಇರುವ ಚೆಂಡನ್ನು ಗುರುತ್ವ ಸುಮಾರು ಐದೂಮುಕ್ಕಾಲು ಅಡಿ ಕೆಳಗೆ ಎಳೆಯುತ್ತದೆ. ಅದಕ್ಕೇ ಎಳೆಯ ಪಿಚ್ಚರ್ ಚೆಂಡನ್ನು ಸ್ವಲ್ಪ ಮೇಲಕ್ಕೆ ಎಸೆಯುತ್ತಾನೆ, ಅದು ಪ್ಲೇಟಿನ ಹತ್ತಿರ ಬರುವಾಗ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಇಳಿಯುತ್ತಿರುತ್ತದೆ. ಇಳಿಯುವ ಚೆಂಡಿಗೆ ಬ್ಯಾಟನ್ನೂ ಇಳಿಸುತ್ತ ಬೀಸಿದರೆ ಎರಡರ ದಾರಿ ಒಂದೇ ಬಿಂದುವಿನಲ್ಲಿ ಕತ್ತರಿಸುತ್ತದೆ, ಕೂದಲೆಳೆ ತಪ್ಪಿದರೂ ಹೊಡೆತ ಹೋಯಿತು. ಬ್ಯಾಟ್ ಚೆಂಡಿನ ದಾರಿಗೆ ಬಂದು, ಆ ದಾರಿಯಲ್ಲೇ ತುಸು ಮೇಲ್ಮುಖವಾಗಿ ಸಾಗಿದರೆ ಸ್ವಲ್ಪ ಬೇಗವಾದರೂ, ತಡವಾದರೂ ಚೆಂಡು ಸಿಗುತ್ತದೆ. ಅಮೆರಿಕದ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ದಶಕಗಳ ಹಿಂದೆಯೇ ಇದನ್ನು ವಾದಿಸಿದ್ದರು.

ಪಾಪ್ ಅಪ್‌ನ ನಿಜವಾದ ಕಾರಣ ಬೇರೆಡೆ ಇರುತ್ತದೆ. ಎದೆಯ ಎತ್ತರದ ಚೆಂಡಿಗೆ ಬೀಸುತ್ತಿದ್ದರೆ ಅದು ಆಯ್ಕೆಯ ತಪ್ಪು. ಬೀಸಲು ಶುರುಮಾಡುವಾಗ ಕೈಗಳು ಸೊಂಟದತ್ತ ಜಾರಿ, ಹಿಂದಿನ ಭುಜ ಕುಸಿದರೆ ಬ್ಯಾಟ್ ಚೆಂಡಿನ ಅಡಿಗೆ ಹೋಗುತ್ತದೆ. ಭಾರದ ಬ್ಯಾಟಿನಿಂದ ಹೀಗಾಗುವುದೇ ಹೆಚ್ಚು, ಆ ಪರೀಕ್ಷೆ ಮಾಡಿಲ್ಲದಿದ್ದರೆ ಈಗ ಮಾಡಿ. ಬ್ಯಾಟ್ ಸರಿಯಿದ್ದರೆ ಟೀಯನ್ನು ಎದೆಯ ಕೆಳಗಿನ ಎತ್ತರಕ್ಕೆ ಏರಿಸಿ, ಎದುರಿನ ಬಲೆಯಲ್ಲಿ ಅದೇ ಎತ್ತರಕ್ಕೊಂದು ಗುರುತು ಕಟ್ಟಿ, "ಆ ಗುರುತಿಗೆ ಹೊಡೆ" ಎನ್ನಿ. ಭುಜದ ಸುದ್ದಿಯೇ ಎತ್ತಬೇಡಿ. ಮೈಯ ಭಾಗಗಳ ಬಗ್ಗೆ ಹೇಳುವುದಕ್ಕಿಂತ ಹೊರಗಿನ ಗುರಿ ತೋರಿಸಿದರೆ ಚಲನೆ ಚೆನ್ನಾಗಿ ಕಲಿಯುತ್ತಾರೆ ಎಂಬುದು ಈ ವಿಷಯದ ಅಧ್ಯಯನಗಳಲ್ಲಿ ಮತ್ತೆಮತ್ತೆ ಕಂಡದ್ದು.

ಎಡಬದಿಗೆ ಮಾತ್ರ ಸಪ್ಪೆಯಾಗಿ ಉರುಳುವ ಚೆಂಡಿಗೆ "ಮಣಿಕಟ್ಟು ಬೇಗ ತಿರುಗಿಸುತ್ತಿದ್ದಾನೆ" ಎನ್ನುತ್ತಾರೆ. ತಿರುಗಿಸುತ್ತಿರುವುದು ನಿಜ, ಆದರೆ ಏಕೆ? ಹೊರಬದಿಯ ಚೆಂಡನ್ನೂ ಎಡಕ್ಕೇ ಎಳೆಯಲು ನೋಡುತ್ತಿರುವುದರಿಂದ. ಒಳಬದಿಯ ಚೆಂಡು ಮುಂದೆ, ಹೊರಬದಿಯದು ಪ್ಲೇಟಿನ ಮೇಲೆ ಬರುವವರೆಗೆ ಬಿಟ್ಟು ಹೊಡೆಯಬೇಕು. ಟೀಯನ್ನು ಹೊರ ಅಂಚಿಗೆ, ಮುಂದಿನ ಕಾಲಿಗಿಂತ ಹಿಂದಕ್ಕೆ ಇಟ್ಟು ಬಲಬದಿಗೆ ಹೊಡೆಸಿ. ಒಂದಷ್ಟು ದಿನ ಅದೊಂದೇ.

ಬ್ಯಾಟ್ ದೊಡ್ಡ ಸುತ್ತು ಹಾಕಿ ಬರುತ್ತದೆ

ಒಳಬದಿಯ ಚೆಂಡೆಲ್ಲ ಹಿಡಿಕೆಯ ಹತ್ತಿರ ಬಡಿದು ಕೈ ಜುಮ್ಮೆನ್ನುತ್ತಿದ್ದರೆ, ತೋಳುಗಳು ಮೊದಲೇ ಚಾಚಿಕೊಂಡು ಬ್ಯಾಟ್ ಗೇಟಿನ ಹಾಗೆ ಇಡಿಯಾಗಿ ತಿರುಗುತ್ತಿದೆ. ಹೊಕ್ಕುಳ ಮತ್ತು ಬಲೆಯ ನಡುವೆ ಒಂದು ಬ್ಯಾಟಿನಷ್ಟು ಅಂತರವಿಟ್ಟು ಮಗುವನ್ನು ನಿಲ್ಲಿಸಿ, ಬಲೆ ತಾಗದಂತೆ ನಿಧಾನ ಬೀಸಲು ಹೇಳಿ. ಕೈಗಳು ಮೈಗೆ ಹತ್ತಿರವಾಗಿ ಬಂದು ಆಮೇಲೆ ಚಾಚಿಕೊಂಡರೆ ಮಾತ್ರ ಸಾಧ್ಯ. ಬಲೆ ಬಟ್ಟೆಯದಿರಲಿ, ತಂತಿಬೇಲಿಯಾದರೆ ಬ್ಯಾಟೂ ಕೈಯೂ ಹಾಳು.

ಹಿಂದಿನ ಮೊಣಕೈ ಕೈಗಳಿಗಿಂತ ಮುಂದೆ ನುಗ್ಗಿ, ಬ್ಯಾಟ್ ಹಿಂದೆ ಎಳೆದುಕೊಂಡು ಬರುವುದು ಇನ್ನೊಂದು ಬಗೆ. "ಮೊಣಕೈ ಎತ್ತು" ಎಂಬ ಕೂಗು ಇದನ್ನು ಹೆಚ್ಚಿಸುತ್ತದೆ. ಮೊಣಕೈ ಸಡಿಲವಾಗಿ ಕೆಳಗಿರಲಿ, ಹಗುರ ಬ್ಯಾಟ್ ಕೊಡಿ, ಉಳಿದದ್ದನ್ನು ಬಲ ಬಂದಂತೆ ನೋಡೋಣ.

ಕ್ರಿಕೆಟ್ ಆಡಿ ಬಂದವರಲ್ಲಿ ಬೇರೆಯದೇ ತೊಂದರೆ: ಕಣ್ಣು, ಸಮಯ ಎರಡೂ ಚೆನ್ನಾಗಿರುತ್ತವೆ, ಬ್ಯಾಟ್ ಮಾತ್ರ ಕೆಳಗಿನಿಂದ ನೆಟ್ಟಗೆ ಬರುತ್ತದೆ. ಅವರಿಗೆ ಸೊಂಟದೆತ್ತರದ ಟೀ, ಭುಜದ ಹತ್ತಿರ ಕೈ. ಬೇಗ ಕಲಿಯುತ್ತಾರೆ.

ಎಲ್ಲದಕ್ಕೂ ಬೀಸುವವರು, ಯಾವುದಕ್ಕೂ ಬೀಸದವರು

ಇಬ್ಬರಿಗೂ ಒಂದೇ ಅಭ್ಯಾಸ. ಪ್ರತಿ ಚೆಂಡಿಗೂ ಮನಸ್ಸಿನಲ್ಲಿ "ಹೊಡೀತೀನಿ, ಹೊಡೀತೀನಿ" ಎನ್ನುತ್ತಲೇ ಹೆಜ್ಜೆ ಇಡುವುದು, ಕೆಟ್ಟ ಚೆಂಡಾದರೆ ಮಾತ್ರ "ಬೇಡ" ಎಂದು ನಿಲ್ಲಿಸುವುದು. ಮೊದಲೇ "ಬೇಡ"ದಿಂದ ಶುರುಮಾಡಿದ ಮಗುವಿಗೆ "ಬೇಕು" ಎನ್ನುವಷ್ಟರಲ್ಲಿ ಚೆಂಡು ಕ್ಯಾಚರ್ ಕೈಯಲ್ಲಿರುತ್ತದೆ. ಲಿಟಲ್ ಲೀಗ್ ನಿಯಮದಂತೆ ಸ್ಟ್ರೈಕ್ ವಲಯ, ಅಂದರೆ ಬೀಸಬೇಕಾದ ಚೆಂಡು ಪ್ಲೇಟಿನ ಮೇಲೆ ಬರುವ ಜಾಗ, ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ. ಎರಡು ಸ್ಟ್ರೈಕ್ ಆಗುವ ತನಕ ಅದರಲ್ಲಿ ತನಗಿಷ್ಟದ ಒಂದು ಜಾಗವನ್ನಷ್ಟೇ ಕಾಯಲಿ.

ಬೀಸದೆ ನಿಲ್ಲುವ ಮಗುವಿನ ಹಿಂದೆ ಔಟಾದರೆ ಬೈಯುವ ಒಬ್ಬರು ದೊಡ್ಡವರು ಇರುತ್ತಾರೆ. ಅವರಿಗೆ ಹೇಳಲು ಒಂದು ಸಂಖ್ಯೆ: 1941ರಲ್ಲಿ ಟೆಡ್ ವಿಲಿಯಮ್ಸ್ ಬ್ಯಾಟಿಂಗ್ ಸರಾಸರಿ, ಅಂದರೆ ಲೆಕ್ಕಕ್ಕೆ ಬಂದ ಸರದಿಗಳಲ್ಲಿ ಹಿಟ್ (ಬೇಸ್ ತಲುಪಿಸುವ ಹೊಡೆತ) ಸಿಕ್ಕ ಪಾಲು, .406. ಇಂದಿಗೂ ಕೊಂಡಾಡುವ ಆ ಋತುವಿನಲ್ಲೂ ಲೆಕ್ಕಕ್ಕೆ ಬಂದ ಪ್ರತಿ ಹತ್ತರಲ್ಲಿ ಆರು ಸಲ ಅವರಿಗೆ ಹಿಟ್ ಸಿಗಲಿಲ್ಲ.

ಯಾವುದೂ ಹೊಂದದಿದ್ದರೆ

ಟೀ ಮೇಲೆ ಚೆನ್ನಾಗಿ ಹೊಡೆಯುವ ಮಗು ಎದುರಿನ ಚೆಂಡನ್ನು ಹೊಡೆಯಲೂ ಆಗದೆ, ಕ್ಯಾಚ್ ಹಿಡಿಯಲೂ ಆಗದೆ ಒದ್ದಾಡುತ್ತಿದ್ದರೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಮುಖ ಪೂರ್ತಿ ತಿರುಗಿಸದೆ ಒಂದೇ ಕಣ್ಣಿನಲ್ಲಿ ಪಿಚ್ಚರನ್ನು ನೋಡುವ ಮಕ್ಕಳೂ ಇದ್ದಾರೆ. ಮುಂದಿನ ಪಾದವನ್ನು ಸ್ವಲ್ಪ ಹೊರಕ್ಕೆ ಇರಿಸಿ ನಿಲ್ಲಿಸಿದರೆ ಎರಡೂ ಕಣ್ಣು ಸಿಗುತ್ತವೆ.

ಕೆಲವೇ ತಿಂಗಳಲ್ಲಿ ಸರ್ರನೆ ಎತ್ತರ ಬೆಳೆದ ಮಗುವಿನ ಸ್ವಿಂಗ್ ಇದ್ದಕ್ಕಿದ್ದಂತೆ ಕೆಡುವುದುಂಟು. ಕೈಕಾಲಿನ ಅಳತೆಯೇ ಬದಲಾಗಿರುತ್ತದೆ. ನಿಲ್ಲುವ ದೂರ, ಬ್ಯಾಟ್, ಟೀಯ ಎತ್ತರ ಮೂರನ್ನೂ ಹೊಸದಾಗಿ ಅಳೆದು ಒಂದು ತಿಂಗಳು ಸುಮ್ಮನಿರಿ.

ಬೀಸಿದಾಗಲೆಲ್ಲ ಮಣಿಕಟ್ಟು, ಭುಜ ಅಥವಾ ಬೆನ್ನು ನೋಯುತ್ತದೆ ಎಂದರೆ ಅದು ಈ ಕೈಪಿಡಿಯ ವಿಷಯವಲ್ಲ. ನೋವು ತಪ್ಪಿಸಲು ಮೈ ತಾನಾಗಿ ಸ್ವಿಂಗ್ ಬದಲಿಸಿಕೊಂಡಿರುತ್ತದೆ, ಅದನ್ನು ತಿದ್ದಿದರೆ ನೋವು ಹೆಚ್ಚುತ್ತದೆ. ಬ್ಯಾಟ್ ಕೆಳಗಿಡಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ.